ಊಟಕ್ಕ ಹೋಗ್ಯಾರ, ಎದುರಿಗೆ ಕೇಳ್ರಿ

ಚಿಕ್ಕೋಡಿಯ ನಮ್ಮ ಪತ್ರಾ ಪೇಟೆಯಲ್ಲಿ ಇವತ್ತು ನಗುವಂಥದ್ದು ಏನೂ ನಡೆಯಲಿಲ್ಲ ಅಂತ ಯಾರಾದರೂ ಹೇಳಿದರೆ, ಅವತ್ತು ಪೇಟೆಗೆ ರಜೆ ಇತ್ತು ಅಂತಲೇ ನಾನು ತಿಳಿಯುತ್ತೇನೆ. ಎದುರು ಬದುರು ಎರಡು ಸಾಲು ಅಂಗಡಿ, ನಡುವೆ ಒಂದು ಚಕ್ಕಡಿ ಹೋಗುವಷ್ಟು ದಾರಿ, ಮೇಲೆ ಈ ತುದಿಯಿಂದ ಆ ತುದಿಯವರೆಗೆ ಪತ್ರಾದ, ಅಂದರೆ ತಗಡಿನ, ಸೂರು. ಬೇಸಿಗೆಯಲ್ಲಿ ಹೊರಗೆ ನೆತ್ತಿ ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ಸಾಗವಾನಿ ತೊಲೆಗಳ ವಾಸನೆ, ಹೊಸ ಬಟ್ಟೆಯ ವಾಸನೆ, ಒಂದಿಷ್ಟು ನೆರಳು. ಹೊಸ ಕಾಂಪ್ಲೆಕ್ಸ್‌ನಲ್ಲಿ ಗಾಜಿನ ಬಾಗಿಲಿದೆ, ಎ.ಸಿ. ಇದೆ. ಇರಲಿ. ಅಲ್ಲಿ ತಂಪು ಸಿಗುತ್ತದೆ, ಮಾತು ಸಿಗುವುದಿಲ್ಲ.

ನನ್ನದು ಬಳೆ ಅಂಗಡಿ. ಅತ್ತೆ ಕೂತ ಗಾದಿಯ ಮೇಲೆ ಈಗ ನಾನು ಕೂತಿದ್ದೇನೆ. ನನ್ನ ಪಕ್ಕದ್ದು ಹಂಡೆ, ಕೊಡ, ತಾಟು ಮಾರುವ ಬಾಂಡೆ ಅಂಗಡಿ. ಅದರ ಮಾಲೀಕರು ಜೈನ ಹಿರಿಯರು, ನಾವೆಲ್ಲ ಅವರನ್ನು ಅಣ್ಣಾರು ಅನ್ನುತ್ತೇವೆ. ನನ್ನ ಎದುರಿಗೆ ಬಟ್ಟೆ ಅಂಗಡಿ. ಅಲ್ಲಿ ಗಾಂಧಿ ಟೋಪಿಯ ಕಾಕಾ ಮತ್ತು ಅವರ ಒಬ್ಬನೇ ಮಗ. ಈ ಮಗನ ಮದುವೆಯೇ ಈಗ ಪೇಟೆಗೆಲ್ಲ ದೊಡ್ಡ ಚಿಂತೆ. ಹುಡುಗ ಬಂಗಾರದಂಥವನು, ಮೂವತ್ತು ದಾಟಿದೆ. ಹೆಣ್ಣಿನವರು ಬರುತ್ತಾರೆ, ಫೋಟೋ ನೋಡಿ ತಲೆಯಾಡಿಸುತ್ತಾರೆ, ಆಮೇಲೆ ಒಂದೇ ಮಾತು ಕೇಳುತ್ತಾರೆ: "ನೌಕರಿ ಎಲ್ಲೈತ್ರಿ?" ಹಳೇ ಪೇಟೆಯಲ್ಲಿ ಬಟ್ಟೆ ಅಂಗಡಿ ಅಂದ ಕೂಡಲೇ ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ನನಗೆ ಆ ಅರ್ಧ ಕಪ್ಪು ನೋಡಿದರೆ ಮೈ ಉರಿಯುತ್ತದೆ.

ನಡುವಿನ ಸಂದು

ನಮ್ಮ ಸೂರಿನ ನಟ್ಟನಡುವೆ, ಈ ತುದಿಯಿಂದ ಆ ತುದಿಗೆ, ಒಂದು ಗೇಣಗಲದ ಸಂದು ಇದೆ. ಹೊಸಬರು ಅದನ್ನು ಬೆಳಕಿಗೆ ಬಿಟ್ಟದ್ದು ಅಂದುಕೊಳ್ಳುತ್ತಾರೆ. ಅದು ಜಗಳಕ್ಕೆ ಬಿಟ್ಟದ್ದು.

ಪೇಟೆ ಕಟ್ಟಿಸಿದವರು ಇಬ್ಬರು ಬೀಗರಂತೆ. ನಾವಿರುವ ಮೂಡಣ ಸಾಲು ಗಂಡಿನ ಕಡೆಯವರದ್ದು, ಕಾಕಾ ಇರುವ ಪಡುವಣ ಸಾಲು ಹೆಣ್ಣಿನ ಕಡೆಯವರದ್ದು. ಮಳೆಗೆ ಬೆಲ್ಲ ತೊಯ್ಯುತ್ತದೆ, ಬಟ್ಟೆ ತೊಯ್ಯುತ್ತದೆ ಅಂತ ಇಬ್ಬರೂ ಕೂಡಿ ದಾರಿಯ ಮೇಲೆ ಪತ್ರಾ ಹಾಕಿಸಲು ಹೊರಟರು. ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ. ಕೆಲಸ ನಡುವಿಗೆ ಬಂದಾಗ ಮೇಸ್ತ್ರಿ ಕೆಳಗೆ ಬಗ್ಗಿ ಕೇಳಿದನಂತೆ, "ಯಾರ ಪತ್ರಾ ಮ್ಯಾಲ ಬರಬೇಕ್ರಿ, ಯಾರದ ಕೆಳಗ?"

"ನಾವು ಗಂಡಿನವರು. ನಮ್ಮದ ಮ್ಯಾಲ," ಅಂದರಂತೆ ಒಬ್ಬರು.

"ಮಗಳನ್ನ ಕೊಟ್ಟೇವಿ ಖರೆ. ತಲಿ ಬಗ್ಗಸ್ತೀವಂತ ಬರದ ಕೊಟ್ಟಿಲ್ಲ," ಅಂದರಂತೆ ಇನ್ನೊಬ್ಬರು.

ಅಲ್ಲಿಗೆ ಕೆಲಸ ನಿಂತಿತು. ಅವತ್ತಿನಿಂದ ನಮ್ಮ ಪೇಟೆಯಲ್ಲಿ ಮಳೆ ನಡುವೆ ಮಾತ್ರ ಬೀಳುತ್ತದೆ. ಹೊರಗೆ ಛತ್ರಿ ಮಡಚಿ ಒಳಗೆ ಬಂದವರು ಎದುರಿನ ಅಂಗಡಿಗೆ ದಾಟಲು ಮತ್ತೆ ಛತ್ರಿ ಬಿಚ್ಚುತ್ತಾರೆ.

ಹೋದ ಮಳೆಗಾಲದಲ್ಲಿ ನಾವೆಲ್ಲ ಸೇರಿ ಇದನ್ನು ಮುಚ್ಚಿಸಿಯೇಬಿಡೋಣ ಅಂತ ನಿಪ್ಪಾಣಿಯಿಂದ ಒಬ್ಬ ವೆಲ್ಡಿಂಗ್‌ನವನನ್ನು ಕರೆಸಿದೆವು. ಕಾಕಾ ಮತ್ತು ಅಣ್ಣಾರು ಇಬ್ಬರೇ ಮುಂದೆ ನಿಂತು ಚಹಾ ತರಿಸಿ ಕೆಲಸ ತೋರಿಸಿದರು. ಆ ಹಳೇ ಬೀಗರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಒಬ್ಬರ ಮನೆಯವರು ಅಂಗಡಿ ಕೊಂಡವರು, ಇನ್ನೊಬ್ಬರು ಬಾಡಿಗೆಗೆ ಬಂದವರು. ದಿನಾ ಒಂದೇ ಕಿಟಲಿಯ ಚಹಾ ಕುಡಿಯುವ ಸ್ನೇಹ. ವೆಲ್ಡಿಂಗ್‌ನವನು ನಿಚ್ಚಣಿಕೆ ಏರಿ, ಟೇಪು ಬಿಚ್ಚಿ, ಏನೂ ಅರಿಯದೆ ಕೇಳಿದ, "ಯಾವ ಕಡೀದ ಮ್ಯಾಲ ತಗೊಳ್ಳಲ್ರಿ?"

"ನಮ್ಮ ಸಾಲಿಂದ," ಅಂದರು ಅಣ್ಣಾರು. "ಇದು ಗಂಡಿನವರ ಸಾಲು. ಪದ್ಧತಿ ಐತಿ."

"ಯಾವ ಪದ್ಧತಿ?" ಅಂದರು ಕಾಕಾ. ಚಹಾ ಕಪ್ಪು ಕೆಳಗಿಟ್ಟರು.

ವೆಲ್ಡಿಂಗ್‌ನವನು ಎರಡರ ಮೇಲೂ ಒಂದು ಮೂರನೇ ಪತ್ರಾ ಮುಚ್ಚಿಬಿಡುತ್ತೇನೆ ಅಂದ. ಇಬ್ಬರೂ ಕೂಡಿಯೇ ಕೇಳಿದರು, "ಅದ ಯಾರ ಕಡೀದು?"

ಅವನು ಟೇಪು ಮಡಚಿದ, ಕೆಳಗಿಳಿದ, ಚಹಾ ಮುಗಿಸಿದ. ಹೋಗುವಾಗ ನನ್ನ ಅಂಗಡಿಯ ಮುಂದೆ ನಿಂತು ಮೆಲ್ಲಗೆ ವಿಚಾರಿಸಿದ, "ಅಕ್ಕಾರ, ಈ ಬೀಗರ ಜಗಳದಾಗ ಪಾಪ, ಆ ಗಂಡ ಹೆಂಡ್ತಿ ಆರಾಮ ಅದಾರಿಲ್ರಿ?"

ತೂಕಕ್ಕೆ ಬಳೆ

ನಮ್ಮ ಪೇಟೆಯಲ್ಲಿ ಮಧ್ಯಾಹ್ನ ಯಾರೂ ಶಟರ್ ಇಳಿಸುವುದಿಲ್ಲ. ಊಟಕ್ಕೆ ಹೋಗುವಾಗ ಹೊಸ್ತಿಲ ಮೇಲೆ ಒಂದು ಕೋಲು ಅಡ್ಡ ಇಟ್ಟು ಹೋಗುತ್ತೇವೆ. ಕಾಕಾ ಬಟ್ಟೆ ಅಳೆಯುವ ಗಜ ಇಡುತ್ತಾರೆ, ನಾನು ಬಳೆ ಪೋಣಿಸುವ ಕೋಲು ಇಡುತ್ತೇನೆ, ಅಣ್ಣಾರು ಉದ್ದ ಹಿಡಿಕೆಯ ಸೌಟು ಇಡುತ್ತಾರೆ. ಕೋಲು ಅಡ್ಡ ಇದ್ದರೆ ಮಾಲೀಕರು ಊಟಕ್ಕೆ ಹೋಗಿದ್ದಾರೆ, ಎದುರಿನವರನ್ನು ಕೇಳಬೇಕು ಅಂತ ಅರ್ಥ. ಎದುರಿನವರೂ ಇಲ್ಲದಿದ್ದರೆ ಪಕ್ಕದವರು. ವ್ಯಾಪಾರ ಅವರೇ ಮಾಡಿ ದುಡ್ಡು ಗಲ್ಲಾಕ್ಕೆ ಹಾಕುತ್ತಾರೆ. ಅತ್ತೆಯ ಕಾಲದಿಂದಲೂ ಇದು ಹೀಗೇ ನಡೆದಿದೆ. ಒಂದು ಪಿನ್ನು ಕಳೆದದ್ದಿಲ್ಲ.

ವ್ಯಾಪಾರದ ರೀತಿ ಮಾತ್ರ ಕೆಲವೊಮ್ಮೆ ಬದಲಾಗುತ್ತದೆ. ಒಂದು ದಿನ ನಾನು ಊಟಕ್ಕೆ ಹೋದಾಗ ಎದುರಿನ ಕಾಕಾ ಮತ್ತು ಮಗ ಇಬ್ಬರೂ ಮಾಲು ತರಲು ಹೋಗಿದ್ದರು. ಹಾಗಾಗಿ ನನ್ನ ಅಂಗಡಿ ಅಣ್ಣಾರ ಪಾಲಿಗೆ ಬಂತು. ಅದೇ ಹೊತ್ತಿಗೆ ಕಬ್ಬೂರಿನಿಂದ ಕುಬಸದ ಬಳೆಗೆ ಅಂತ ಒಂದು ಟೆಂಪೋ ತುಂಬ ಹೆಂಗಸರು ಬಂದಿಳಿದರು. ಬಸುರಿ ಹೆಣ್ಣುಮಗಳು ನಡುವೆ, ಅವಳ ಸುತ್ತ ಅತ್ತಿಗೆ, ನಾದಿನಿ, ಸೋದರತ್ತೆಯರು. ಎಲ್ಲರಿಗೂ ಹಸಿರು ಬಳೆ ಬೇಕು, ಎಲ್ಲರೂ ಏಕಕಾಲಕ್ಕೆ ಕೈ ಚಾಚಿದ್ದಾರೆ.

ಅಣ್ಣಾರಿಗೆ ಎಪ್ಪತ್ತರ ಹತ್ತಿರ. ಹೆಣ್ಣುಮಕ್ಕಳ ಕೈ ಹಿಡಿದು ಬಳೆ ಇಡಿಸುವುದಿರಲಿ, ಮುಖ ನೋಡಿ ಮಾತಾಡಲೂ ಸಂಕೋಚಪಡುವ ಮನುಷ್ಯ. ಡಜನ್ ಲೆಕ್ಕ, ಅಳತೆ ಲೆಕ್ಕ ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ತಮ್ಮ ಅಂಗಡಿಯಿಂದ ತಕ್ಕಡಿ ತಂದರು. "ಹಿತ್ತಾಳಿನೂ ತೂಕಕ್ಕ ಕೊಡ್ತೀನಿ, ತಾಮ್ರಾನೂ ತೂಕಕ್ಕ ಕೊಡ್ತೀನಿ, ಇದೇನ ದೊಡ್ಡದು" ಅಂತ ನನ್ನ ಹಸಿರು ಗಾಜಿನ ಬಳೆಗಳನ್ನು ತೋಚಿದ ಅಗ್ಗದ ದರಕ್ಕೆ ತೂಗಿ, ಬಾಂಡೆ ಕಟ್ಟುವ ಪೇಪರಿನಲ್ಲಿ ಸುತ್ತಿ ಕೊಟ್ಟುಬಿಟ್ಟರು. ಕೊನೆಗೆ ಪದ್ಧತಿಯಂತೆ ಒಂದು ಹಿಡಿ ಮೇಲೆ ಹಾಕಿದರು.

ನಾನು ಬಂದಾಗ ಅವರು ಬಹಳ ಸಮಾಧಾನದಿಂದ ಕೂತಿದ್ದರು. "ನಿಮ್ಮ ಮಾಲು ಭಾಳ ಹಗರ ಐತ್ರಿ, ಅಕ್ಕಾರ," ಅಂದರು. "ಕಿಲೋ ತುಂಬಬೇಕಂದ್ರ ಕೈ ಸೋತವು."

ನಾನು ಬೈಯಲು ಬಾಯಿ ತೆರೆದೆ. ಆದರೆ ಅದರ ಹಿಂದಿನ ವಾರ ಅವರ ಅಂಗಡಿ ನನ್ನ ಪಾಲಿಗಿತ್ತು. ನೀರು ಕಾಯಿಸುವ ಹಂಡೆ ಕೇಳಿಕೊಂಡು ಬಂದ ಗೌಡರಿಗೆ ನಾನು ಬಳೆ ಅಳತೆ ಕೇಳುವ ಅಭ್ಯಾಸಬಲದಿಂದ, "ಅಳತಿ ಎಷ್ಟ್ರಿ, ಎರಡ ನಾಲ್ಕೋ ಎರಡ ಆರೋ? ಮನಿಯವರನ್ನ ಕರಕೊಂಡ ಬಂದಿದ್ರ ಚಲೋ ಇತ್ತು" ಅಂದಿದ್ದೆ. ಅದಕ್ಕೇ ತಕ್ಕಡಿ ಒರೆಸಿ ಅವರಿಗೆ ವಾಪಸು ಕೊಟ್ಟೆ.

ಈಗಲೂ ಕಬ್ಬೂರಿನ ಕಡೆಯವರು ನನ್ನ ಅಂಗಡಿಗೆ ಬಂದರೆ ಮೊದಲು ಕೇಳುವುದು ಒಂದೇ: "ಆ ತಕ್ಕಡಿ ಅಣ್ಣಾರ ಯಾವಾಗ ಕುಂದ್ರತಾರ್ರಿ?"

ಬಿಳಿ ಲೈಟು

ಒಮ್ಮೆ ಅಥಣಿ ಕಡೆಯ ಹೆಣ್ಣಿನವರು ಕಾಕಾನ ಮಗನನ್ನು ನೋಡಲು ಬಂದು, "ಅಂಗಡಿ ಭಾಳ ಕತ್ತಲಾಗೈತಿ" ಅಂತ ಹೇಳಿ ಹೋದರು. ಚಹಾ ಎಂದಿನಂತೆ ಅರ್ಧಕ್ಕೇ ಉಳಿದಿತ್ತು. ಕಾಕಾಗೆ ಆ ಮಾತು ಬಹಳ ನಾಟಿತು. ಮರುದಿನವೇ ಕ್ರಿಕೆಟ್ ಮೈದಾನದಲ್ಲಿ ಹಾಕುವಂಥ ಒಂದು ಬಿಳಿ ಲೈಟು ತಂದು ಅಂಗಡಿಯ ಹಣೆಗೆ ಕಟ್ಟಿಸಿದರು. ಹಾಕಿದ ಕೂಡಲೇ ನನ್ನ ಬಳೆಗಳೆಲ್ಲ ಒಂದೇ ಬಣ್ಣವಾದವು. ಅಣ್ಣಾರ ಅಂಗಡಿಯ ಹಂಡೆ, ಕೊಡ, ತಾಟು, ತಂಬಿಗೆ ಎಲ್ಲ ಹೊಳೆದು, ಅವರು ಕಣ್ಣು ಕಿರಿದು ಮಾಡಿಕೊಂಡು ಕೂತರು.

ಅಣ್ಣಾರು ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಆಮೇಲೆ ನೀರೂ ಮುಟ್ಟುವುದಿಲ್ಲ. ಗಡಿಯಾರವಿದೆ, ಆದರೆ ಅದು ಮನುಷ್ಯರು ಮಾಡಿದ್ದು, ನಂಬಬಾರದು ಅನ್ನುತ್ತಾರೆ. ಅವರು ನೋಡುವುದು ಸೂರಿನ ಸಂದಿನಿಂದ ಬೀಳುವ ಬಿಸಿಲ ಗೆರೆಯನ್ನು. ಸಂಜೆಯಾದಂತೆ ಆ ಗೆರೆ ನೆಲ ಬಿಟ್ಟು ಅವರ ಅಂಗಡಿಯ ಮೇಲೆ ಏರುತ್ತದೆ. ತೂಗುಹಾಕಿದ ದೊಡ್ಡ ಹಂಡೆಯ ಕಂಠಕ್ಕೆ ಬಂದಾಗ ಡಬ್ಬಿ ಬಿಚ್ಚುತ್ತಾರೆ.

ಆ ಸಂಜೆ ಲೈಟಿನ ಅಬ್ಬರದಲ್ಲಿ ಗೆರೆಯೇ ಕಾಣಲಿಲ್ಲ. ಅಂಗಡಿ ಪೂರ್ತಿ ಮಧ್ಯಾಹ್ನದ ಬಿಸಿಲಿದ್ದಂತೆ. ಅಣ್ಣಾರು ಗಿರಾಕಿ ಜೊತೆ ಮಾತಾಡುತ್ತ, "ಇನ್ನೂ ಹೊತ್ತೈತಿ" ಅಂತ ಕೂತರು. ಕೊನೆಗೆ ಕೈ ತೊಳೆಯಲು ಪೇಟೆಯ ಬಾಯಿಗೆ ಹೋದರೆ ಹೊರಗೆ ಬೀದಿ ದೀಪ ಹತ್ತಿದ್ದವು. ತಂಬಿಗೆ ಹಿಡಿದು ಹಾಗೇ ಹಿಂದೆ ಬಂದರು. ಡಬ್ಬಿಯಲ್ಲಿ ಅವತ್ತು ಹೋಳಿಗೆ ಇತ್ತು. ಅದರ ತುಪ್ಪದ ವಾಸನೆ ನನಗೂ ಬರುತ್ತಿತ್ತು, ಪಾಪ ಅನ್ನಿಸಿತು.

ಸುದ್ದಿ ತಿಳಿದು ಮರುದಿನ ಕಾಕಾ ತಾವಾಗಿಯೇ ಕೈಮುಗಿಯಲು ಬಂದರು. ಅಣ್ಣಾರು ನಗುತ್ತ ಹೇಳಿದರು, "ಇರ್ಲಿ ತಗೀರಿ. ನಿಮ್ಮ ಲೈಟಿಗೆ ಸೊಸಿ ಬರತಾಳೋ ಇಲ್ಲೋ ಗೊತ್ತಿಲ್ಲ, ನನಗಂತೂ ಉಪವಾಸದ ಪುಣ್ಯ ಬಂತು."

ರಾಯಬಾಗದ ಹೆಣ್ಣುಮಗಳು

ಇಷ್ಟರಲ್ಲಿ ಸಂಬಂಧ ಕೂಡಿಸುವವರಿಂದ ಕಾಕಾಗೆ ಒಂದು ಫೋನು ಬಂತು. ಉಗಾರ ಬುದ್ರುಕದ ಮನೆತನ, ಹುಡುಗಿ ಡಿಗ್ರಿ ಮುಗಿಸಿದ್ದಾಳೆ, ಫೋಟೋ ಕೊಡುವ ತೆಗೆದುಕೊಳ್ಳುವ ಪದ್ಧತಿ ಅವರಲ್ಲಿಲ್ಲ. "ಆದ್ರ ಅವರ ಹೇಳಿ ಬರೂ ಮಂದಿ ಅಲ್ಲ. ಗಿರಾಕಿ ಹಂಗ ಬಂದು ಹುಡುಗನ್ನ ನೋಡ್ಕೊಂಡ ಹೋಗ್ತಾರ. ಹುಷಾರ ಇರ್ರಿ."

ಮರುದಿನದಿಂದ ಪೇಟೆಗೆಲ್ಲ ಹುಷಾರಿ ಬಂತು. ಮೂರನೇ ದಿನ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಕೈಯಲ್ಲಿ ಚೀಲ ಹಿಡಿದು, ಕಾಕಾನ ಬೋರ್ಡನ್ನು ಎರಡೆರಡು ಸಲ ಓದಿ, ಹುಡುಗನ ಮುಖವನ್ನು ದಿಟ್ಟಿಸಿ ನೋಡಿದಳು. ನಮಗೆ ಅಷ್ಟು ಸಾಕಾಯಿತು. ಅಣ್ಣಾರು ತಮ್ಮ ಕುರ್ಚಿಯನ್ನೇ ತಂದು ಹಾಕಿದರು. ನಾನು ಚಹಾ ತರಿಸಿದೆ. ಕಾಕಾ ಟೋಪಿ ಬದಲಿಸಲು ಒಳಗೆ ಓಡಿದರು.

"ಹುಡುಗ ಅಂದ್ರ ಹಿಂಗಿರಬೇಕ ನೋಡ್ರಿ," ಅಂದೆ ನಾನು. "ಒಂದ ಅಡಕಿ ಹೋಳು ಬಾಯಾಗ ಹಾಕಂಗಿಲ್ಲ."

"ದನಿ ಏರಿಸಿ ಮಾತಾಡಿದ್ದ ನಾ ಕೇಳಿಲ್ಲ," ಅಂದರು ಅಣ್ಣಾರು.

ಪಾದರಕ್ಷೆ ಅಂಗಡಿಯವನು ಆ ತುದಿಯಿಂದ ಬಂದು ತನ್ನದೂ ಒಂದು ಮಾತು ಸೇರಿಸಿ ಹೋದ. ಆಕೆ ಎಲ್ಲ ಕೇಳಿದಳು, ಚಹಾ ಪೂರ್ತಿ ಕುಡಿದಳು. ಪೂರ್ತಿ ಕುಡಿದದ್ದು ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು.

ಆಮೇಲೆ ಆಕೆ ಚೀಲದಿಂದ ಒಂದು ಬ್ಲೌಸ್ ಪೀಸ್ ತೆಗೆದಳು. "ನಾ ರಾಯಬಾಗದಾಕಿರಿ. ಹುಡುಗ ಅಷ್ಟ ಚಲೋ ಇದ್ರ, ಮೊದ್ಲ ಈ ಹರಕ ಪೀಸ್ ಬದಲಿ ಮಾಡಿ ಕೊಡು ಅನ್ರಿ."

ಉಗಾರದವರು

ಅವತ್ತು ಕಾಕಾ ನಮ್ಮೆಲ್ಲರ ಮೇಲೆ ಸಿಟ್ಟಾದರು. "ಇನ್ನ ಯಾರೂ ನನ್ನ ಮಗನ್ನ ಹೊಗಳಬ್ಯಾಡ್ರಿ. ಯಾರ ಬಂದ ಕೇಳಿದ್ರೂ ಇದ್ದದ್ದ ಇದ್ದಂಗ ಹೇಳ್ರಿ, ಸಾಕು." ಈ ಆಜ್ಞೆಯನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸಿದವನು ಅವರ ಮಗನೇ.

ಒಂದು ಮಧ್ಯಾಹ್ನ ಕಾಕಾ ಮನೆಗೆ ಹೋಗಿದ್ದರು, ನಾನೂ ಊಟಕ್ಕೆ ಹೊರಟೆ. ಹುಡುಗ ತನ್ನ ಅಂಗಡಿಗೆ ಗಜ ಅಡ್ಡ ಇಟ್ಟು, ನನ್ನ ಗಾದಿಯ ಮೇಲೆ ಬಂದು ಕೂತ. ಅಲ್ಲಿಂದ ಎರಡೂ ಅಂಗಡಿ ಕಾಣುತ್ತವೆ. ನಾನು ಉಂಡು ತಿರುಗಿ ಬರುವಾಗ ನೋಡಿದರೆ ನನ್ನ ಅಂಗಡಿಯಲ್ಲಿ ಒಬ್ಬ ಹಿರಿಯ ಹೆಂಗಸು, ಒಬ್ಬಳು ಹುಡುಗಿ. ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಬಾಂಡೆ ಅಂಗಡಿಯಿಂದ ಉದ್ದನೆಯ ಸೌಟೊಂದು ನನ್ನ ಮುಂದೆ ಅಡ್ಡ ಬಂತು.

"ತಡೀರಿ, ಅಕ್ಕಾರ," ಅಂತ ಅಣ್ಣಾರು ಪಿಸುಗುಟ್ಟಿದರು. "ಉಗಾರದವರ ಬಂದಾರ, ನನ್ನ ಮುಂದ ಹಾಯುವಾಗ ಅವರವರ ಮಾತಾಡಿದ್ದ ಕೇಳೇನಿ. ಇಂವನ್ನ ಬಳಿ ಅಂಗಡಿಯಂವ ಅಂತ ತಿಳದಾರ."

ಇಬ್ಬರೂ ಹಂಡೆಗಳ ಹಿಂದೆ ನಿಂತೆವು. ಹುಡುಗ ಒಂದು ಬಳೆ ಡಬ್ಬಿ ಬಿಚ್ಚಿ, ಬಳೆಗಳನ್ನು ಬೆರಳಿನಿಂದ ಸವರಿ ತೋರಿಸುತ್ತಿದ್ದ. "ಇದನ್ನ ತಗೋರಿ. ಎಷ್ಟ ಸಲ ತೊಳದ್ರೂ ಬಣ್ಣ ಬಿಡಂಗಿಲ್ಲ. ಕುಗ್ಗೂದೂ ಇಲ್ಲ."

ಹುಡುಗಿ ತಲೆ ಎತ್ತಿದಳು. ಅವನ ಮುಖ ನೋಡಿದಳು, ಅವನ ಅಂಗಿಗೆ ಅಂಟಿದ್ದ ದಾರದ ಎಳೆಗಳನ್ನು ನೋಡಿದಳು, ತಿರುಗಿ ಎದುರಿನ ಹೊಸ್ತಿಲ ಮೇಲಿದ್ದ ಗಜ ನೋಡಿದಳು. ಆಮೇಲೆ ಕೆಳತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಅವಳಿಗೆ ತಿಳಿಯಿತು ಅಂತ ನನಗೆ ತಿಳಿಯಿತು. ಜೊತೆಗಿದ್ದ ಅವಳ ಸೋದರತ್ತೆಗೆ ಏನೂ ತಿಳಿಯಲಿಲ್ಲ. ಆಕೆ ಮುಂದೆ ಬಗ್ಗಿ ದನಿ ಇಳಿಸಿದಳು.

"ಎದುರಿನ ಬಟ್ಟಿ ಅಂಗಡಿ ಹುಡುಗ ಹೆಂಗರಿ? ನಮ್ಮ ಪೈಕಿಯವರ ವಿಚಾರಸಾಕ ಹೇಳಿದ್ರು."

ಬಂದವರು ಯಾರು ಅಂತ ಹುಡುಗನಿಗೆ ಆಗ ಹೊಳೆಯಿತು. "ಇದ್ದದ್ದ ಇದ್ದಂಗ ಹೇಳಲಿರಿ?" ಅಂದ.

"ಅದಕ್ಕ ಕೇಳಾಕತ್ತೇನಿ."

"ಕೆಟ್ಟಂವ ಅಲ್ರಿ. ಆದ್ರ ಮುಂಜಾನೆ ಚಾ ಕುಡಿಯೂತನಕ ಯಾರ ಕೂಡಾನೂ ಮಾತಾಡಂಗಿಲ್ಲ. ನೆತ್ತಿ ಮ್ಯಾಲ ಕೂದಲನೂ ಕಡಿಮಿ ಆಗಾಕತ್ತಾವ."

ಅತ್ತೆ ಅವನ ನೆತ್ತಿ ನೋಡಿದಳು. "ನಿಮ್ಮಂಗ ಅನ್ರಿ."

"ಹೌದ್ರಿ. ಹೆಚ್ಚು ಕಡಿಮಿ ನನ್ನಷ್ಟ."

ನಾನು ಹಣೆ ಬಡಿದುಕೊಂಡೆ. ಅಣ್ಣಾರು ಒಂದು ಕೊಡದ ಬಾಯಿಗೆ ಮುಖವಿಟ್ಟು ಸದ್ದಿಲ್ಲದೆ ನಗುತ್ತಿದ್ದರು. ಈಗ ಹುಡುಗಿ ಶುರು ಮಾಡಿದಳು.

"ಸಿಟ್ಟು ಭಾಳೇನ್ರಿ ಅವರಿಗೆ?"

"ಬರತೈತ್ರಿ. ನಿಲ್ಲಂಗಿಲ್ಲ."

"ಅಡಗಿ ಏನರ ಬರತೈತೋ?"

"ಚಾ ಚಲೋ ಮಾಡ್ತಾನ್ರಿ. ಅನ್ನಕ್ಕ ನೀರ ಎಷ್ಟ ಇಡಬೇಕಂತ ಇನ್ನೂ ಹತ್ತಿಲ್ಲ."

"ನೌಕರಿಗೆ ಹೋಗೂ ವಿಚಾರ ಐತೇನ್ರಿ?"

ಅವನು ಎದುರಿನ ಹೊಸ್ತಿಲ ಮೇಲಿನ ಗಜದ ಕಡೆ ನೋಡಿದ. "ಇಲ್ರಿ," ಅಂದ. "ಅದನ್ನ ಮೊದ್ಲ ಹೇಳೂದ ಚಲೋ. ಅವನಿಗೆ ಈ ಪೇಟಿ ಬಿಟ್ಟ ಬ್ಯಾರೆ ಕಡೆ ಉಸರ ಹತ್ತಂಗಿಲ್ಲ. ಅದಕ್ಕ ಭಾಳ ಮಂದಿ ಬಂದು ಬ್ಯಾಡಂತ ಹೋಗ್ಯಾರ."

ಅಣ್ಣಾರು ಕೊಡದಿಂದ ಮುಖ ತೆಗೆದರು. ಹುಡುಗಿಯೂ ನಗು ನಿಲ್ಲಿಸಿ ಅವನನ್ನೇ ನೋಡಿದಳು. ಆಮೇಲೆ ತಾನೇ ಬಳೆ ಇಟ್ಟುಕೊಂಡಳು, ದುಡ್ಡು ಕೊಟ್ಟಳು, ಎದ್ದಳು. ನಮ್ಮನ್ನು ದಾಟುವಾಗ ಮಾತ್ರ ಒಂದು ಹೆಜ್ಜೆ ನಿಂತು, ನನ್ನ ಕೈತುಂಬ ಇದ್ದ ಬಳೆ ನೋಡಿ, ನನಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದಳು, "ಅಂಗಡಿ ನಿಮ್ಮದ ಅಲ್ರಿ? ನಮ್ಮತ್ತಿಗೆ ಹೇಳಬ್ಯಾಡ್ರಿ."

ಮರುದಿನ ನಾವೆಲ್ಲ ಕಾಕಾನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಸಂಬಂಧ ಕೂಡಿಸುವವರ ಫೋನು ಬಂತು. ಕಾಕಾಗೆ ಕಿವಿ ಸ್ವಲ್ಪ ಮಂದ. ಅದಕ್ಕೆ ಸ್ಪೀಕರ್ ಹಾಕಿ ನಮ್ಮೆಲ್ಲರ ನಡುವೆ ಇಟ್ಟರು.

"ಕಾಕಾ, ಉಗಾರದವರ ಬಂದು ಹೋಗ್ಯಾರ. ನಿಮ್ಮ ಹುಡುಗ ಬ್ಯಾಡ ಅಂದಾರ."

ಕಾಕಾ ಮೆಲ್ಲಗೆ ಕೂತರು. ಅವರ ಮುಖ ನೋಡಲು ಆಗಲಿಲ್ಲ ನನಗೆ. "ಯಾಕಂತ?"

"ಎದುರಿನ ಬಳಿ ಅಂಗಡ್ಯಾಗ ಒಬ್ಬಾಂವ ಕುಂತಿದ್ನಂತ. ಹುಡುಗನ ತಲಿಗೂದಲಿಂದ ಹಿಡದು ಅಡಗಿ ತನಕ ಎಲ್ಲಾ ಹೇಳಿಬಿಟ್ಟಾನ."

ಕಾಕಾ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿದ್ದವು. ಮಗ ನೆಲದ ಮೇಲೆ ಬಿದ್ದಿರದ ಯಾವುದೋ ವಸ್ತು ಹುಡುಕುತ್ತ ಬಟ್ಟೆಯ ಸುರುಳಿಗಳ ಹಿಂದೆ ಬಗ್ಗಿದ.

"ಇನ್ನೂ ಕೇಳ್ರಿ," ಅಂದಿತು ಫೋನು. "ಹುಡುಗಿ ಏನಂತಾಳಂದ್ರ, ಬಟ್ಟಿ ಅಂಗಡಿಯಂವನ ಮಾತ ಬಿಡ್ರಿ, ಆ ಬಳಿ ಅಂಗಡ್ಯಾಗ ಕುಂತಾಂವ ಸಿಕ್ರ ಇವತ್ತ ಹೂಂ ಅಂತೀನಿ ಅಂತಾಳ. ಅವರತ್ತಿ ಬಾಯಿ ಬಡಕೊಳ್ಳಾಕತ್ತಾಳ. ಹುಡುಗಿ ನಗಕೋಂತ ಕುಂತಾಳ. ಅಂವ ಯಾರ ಮಗ, ಮನೆತನ ಹೆಂಗ, ನೀವ ಒಂಚೂರ ವಿಚಾರಿಸಿ ಹೇಳಬೇಕಲ್ಲ, ಕಾಕಾ."

ಕಾಕಾ ಎದ್ದು ನಿಂತರು. "ನನ್ನ ಮಗನ ಸಂಬಂಧ ಮುರದು, ತಾ ಹುಡುಗಿ ಹೊಡಕೊಂಡ ಹೊಂಟಾನ. ಅವನ ಕಥಿ ಆಮ್ಯಾಲ ನೋಡೋಣು. ಇಂಥಾ ಮಗನ್ನ ಹುಟ್ಟಿಸಿದ ಅವರಪ್ಪನ ಮಾರಿ ಒಮ್ಮೆ ನೋಡಬೇಕ ನಾ."

ಅಣ್ಣಾರು ಎದ್ದರು. ತಮ್ಮ ಅಂಗಡಿಗೆ ಹೋಗಿ ಹೊಸ ಸ್ಟೀಲ್ ತಾಟು ಒಂದನ್ನು ತಂದರು, ಧೋತರದ ಸೆರಗಿನಿಂದ ಚೆನ್ನಾಗಿ ಒರೆಸಿದರು, ಕಾಕಾನ ಮುಖದ ಮುಂದೆ ಹಿಡಿದರು.

ಕಾಕಾ ತಾಟು ನೋಡಿದರು. ಅಣ್ಣಾರನ್ನು ನೋಡಿದರು. ಬಟ್ಟೆಯ ಸುರುಳಿಗಳ ಮೇಲೆ ಅಷ್ಟಿಷ್ಟು ಕಾಣುತ್ತಿದ್ದ, ಕೂದಲು ಕಡಿಮೆಯಾಗುತ್ತಿರುವ ಒಂದು ನೆತ್ತಿಯನ್ನು ನೋಡಿದರು. ಮತ್ತೆ ತಾಟು ನೋಡಿದರು. ಫೋನು "ಹಲೋ, ಹಲೋ" ಅನ್ನುತ್ತಲೇ ಇತ್ತು. ಕಾಕಾ ತಾಟಿನಲ್ಲಿ ನೋಡಿಕೊಂಡೇ ಟೋಪಿ ನೆಟ್ಟಗೆ ಮಾಡಿಕೊಂಡರು, ಮೀಸೆ ಸವರಿದರು, ಫೋನಿನ ಕಡೆ ಬಗ್ಗಿದರು.

"ವಿಚಾರಿಸೂದ ಏನೈತಿ," ಅಂದರು. "ಮನೆತನ ನನಗ ಗೊತ್ತಿದ್ದದ್ದ. ಭಾಳ ಚಲೋ ಮಂದಿ."